ಕಥೆ ಬಾಯಿಪಾಠ ಮಾಡಿಸಿದ್ದು ಸಾಕು, ಮನೆಯಿಂದ ಕಥೆ ತರಿಸಿ

ಮಾನ್ಯ ಸಂಪಾದಕರೇ,

ಮಕ್ಕಳ ಮೊಬೈಲ್ ಹುಚ್ಚಿನ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಇತ್ತೀಚೆಗೆ ಒಂದರ ಹಿಂದೆ ಒಂದು ಪತ್ರ ಬರುತ್ತಿದೆ. ಹೆಚ್ಚಿನವರು ಹೇಳಿದ್ದು ಇಷ್ಟೇ: ಈಗಿನ ಮಕ್ಕಳಿಗೆ ಕಥೆ ಕೇಳುವ ತಾಳ್ಮೆ ಇಲ್ಲ, ಅಜ್ಜಿಯರಿಗೆ ಹೇಳುವ ಪುರುಸೊತ್ತಿಲ್ಲ. ಅಜ್ಜಿಯರಿಗೆ ಪುರುಸೊತ್ತು ಬೇಕಾದಷ್ಟಿದೆ ಸ್ವಾಮಿ. ನಾನೂ ಒಬ್ಬ ಅಜ್ಜಿ, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ. ಮಕ್ಕಳಿಗೆ ತಾಳ್ಮೆ ಇಲ್ಲ ಎನ್ನುವುದನ್ನಂತೂ ಒಪ್ಪಲಾರೆ. ಕಥೆಯ ರುಚಿ ಕೆಡಿಸಿದ್ದರಲ್ಲಿ ಮೊಬೈಲ್‌ಗೆ ಎಷ್ಟು ಪಾಲಿದೆಯೋ, ನಾವು ದೊಡ್ಡವರು ಶಾಲೆಗಳಲ್ಲಿ ನಡೆಸುವ 'ಕಥೆ ಹೇಳುವ ಸ್ಪರ್ಧೆ'ಗೂ ಅಷ್ಟೇ ಪಾಲಿದೆ. ಇದನ್ನು ಸ್ವಲ್ಪ ಬಿಡಿಸಿ ಬರೆಯಬೇಕು. ಪತ್ರ ಉದ್ದವಾಗುತ್ತದೆ, ದಯವಿಟ್ಟು ಕತ್ತರಿ ಹಾಕಬೇಡಿ.

ನಾನು ಅಂಕೋಲಾ ತಾಲೂಕಿನ ಹಳ್ಳಿ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದವಳು. ಊರಿನ ಅರ್ಧ ಜನ ಇವತ್ತಿಗೂ 'ಅಕ್ಕೋರೇ' ಎಂದೇ ಕರೆಯುತ್ತಾರೆ. ಮಗಳು, ಅಳಿಯ ಇಂಗ್ಲೆಂಡಿನಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ಹೋಗಿದ್ದೆ. ಅಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಮೀಯಿಸುವಾಗ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಿದ್ದೆ. ಹಾಲು ಕುಡಿಯುವ ಕೂಸಿಗೆ ಏನು ತಿಳಿಯುತ್ತದೆ ಎಂದು ಅಳಿಯ ಮೊದಮೊದಲು ನಗುತ್ತಿದ್ದ. ಆಮೇಲೆ ಅವನೇ ಬಚ್ಚಲ ಬಾಗಿಲಿಗೆ ಒರಗಿ ನಿಂತು ಕೇಳತೊಡಗಿದ. ಒಂದು ದಿನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, "ಅತ್ತೆ, ಇಲ್ಲಿ ನೋಡಿ. ಕಥೆ ಹೇಳುವುದಕ್ಕೇ ಒಂದು ಶಾಲೆ ಇದೆ. ಮಗು ಸ್ವಲ್ಪ ಗಟ್ಟಿಯಾದ ಮೇಲೆ ಒಂದು ವಾರ ಹೋಗಿ ಇದ್ದು ಬನ್ನಿ" ಎಂದ. ಫೀಸು ರೂಪಾಯಿ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ಕೇಳಿದೆ. ಅವನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಬಾಣಂತನಕ್ಕೆ ಹೋದವಳು ಕೋರ್ಸ್ ಮಾಡಿ ಬಂದಳು ಎಂದು ಊರಲ್ಲಿ ನಗುವವರಿದ್ದಾರೆ. ನಗಲಿ ಬಿಡಿ.

ಲಂಡನ್ನಿನ ದಕ್ಷಿಣಕ್ಕೆ ಪೂರ್ವ ಸಸೆಕ್ಸ್ ಎಂಬ ಜಿಲ್ಲೆ. ಅಲ್ಲಿ ಫಾರೆಸ್ಟ್ ರೋ ಎಂಬ ಊರು. ಈಸ್ಟ್ ಗ್ರಿನ್‌ಸ್ಟೆಡ್ ಎಂಬಲ್ಲಿಗೆ ರೈಲು ಮುಗಿಯುತ್ತದೆ, ಅಲ್ಲಿಂದ ಮುಂದೆ ಸ್ವಲ್ಪ ದೂರ ರಸ್ತೆ. ಊರಿನ ಹೊರಗೆ 1962ರಲ್ಲಿ ಶುರುವಾದ ಎಮರ್ಸನ್ ಕಾಲೇಜು ಇದೆ. ಅದರಲ್ಲೇ 1994ರಲ್ಲಿ ಕಥೆ ಹೇಳುವ ಶಾಲೆ ಹುಟ್ಟಿಕೊಂಡಿತು. ಎರಡು ದಿನದ ಕೋರ್ಸಿನಿಂದ ಹಿಡಿದು ತಿಂಗಳುಗಟ್ಟಲೆ ಇರುವ ಕೋರ್ಸಿನವರೆಗೆ ನಡೆಯುತ್ತವೆ. ಪಕ್ಕದಲ್ಲೇ ಆಶ್‌ಡೌನ್ ಎಂಬ ಹೆಸರಾಂತ ಕಾಡು. ಯಲ್ಲಾಪುರ, ಶಿರಸಿ ಕಡೆಯ ಕಾಡು ನೋಡಿದವರಿಗೆ ಅದು ಕಾಡು ಅಂತ ಅನಿಸುವುದು ಕಷ್ಟ. ಅರ್ಧಕ್ಕಿಂತ ಹೆಚ್ಚು ಬಯಲು ಮತ್ತು ಗಿಡ್ಡ ಪೊದೆ. ಅವರ ಮುಂದೆ ಹಾಗೆ ಹೇಳಲಿಲ್ಲ, ಅತಿಥಿ ಅಲ್ವಾ.

ಬಂದವರು ಒಂದೊಂದು ದಿಕ್ಕಿನವರು. ಐರ್ಲೆಂಡಿನ ಒಬ್ಬ ನಿವೃತ್ತ ಟೀಚರ್, ನನ್ನದೇ ವಯಸ್ಸು. ಬ್ರೆಜಿಲ್‌ನ ಒಬ್ಬ ನರ್ಸ್. ಜಪಾನಿನ ಹುಡುಗ. ಜರ್ಮನಿಯಲ್ಲಿ ಸಾಯುವ ಹಂತದ ರೋಗಿಗಳ ಹತ್ತಿರ ಕುಳಿತು ಕಥೆ ಹೇಳುವ ಒಬ್ಬ ಹೆಂಗಸು. ಇರಾನಿನ ಒಬ್ಬಳು, ಕೀನ್ಯಾದ ಒಬ್ಬ ಮಾಸ್ತರು, ಟ್ರಿನಿಡಾಡ್‌ನ ಒಬ್ಬಾಕೆ. ಇಂಗ್ಲಿಷಿನವರೂ ಇದ್ದರು. ಊಟದ ವಿಷಯ ಬರೆಯುತ್ತ ಹೋದರೆ ಅದೇ ಒಂದು ಪತ್ರವಾದೀತು. ಶಿರಸಿಯ ಗೆಳತಿ ಹಾಕಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಒಯ್ದಿದ್ದೆ. ವಾರ ಮುಗಿಯುವ ಮೊದಲೇ ಖಾಲಿಯಾಯಿತು. ಖಾಲಿ ಮಾಡಿದ್ದು ನಾನಲ್ಲ.

ಮೊದಲ ದಿನ ನನಗೆ ಆಶ್ಚರ್ಯವಾಯಿತು. ಕಥೆ ಹೇಳಲು ಯಾರನ್ನೂ ಎಬ್ಬಿಸಲಿಲ್ಲ. ಇಬ್ಬಿಬ್ಬರನ್ನು ಎದುರು ಬದುರು ಕೂರಿಸಿದರು. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಸುಮ್ನೆ ಕೇಳಬೇಕು. ನಡುವೆ ಬಾಯಿ ಹಾಕುವಂತಿಲ್ಲ, ಸಲಹೆ ಕೊಡುವಂತಿಲ್ಲ, "ನಮ್ಮನೆಯಲ್ಲೂ ಹಾಗೇ ಆಯ್ತು" ಎನ್ನುವಂತಿಲ್ಲ. ಜೀವಮಾನವಿಡೀ ತರಗತಿಯಲ್ಲಿ ಮಾತಾಡಿದವಳಿಗೆ ಇದು ಎಷ್ಟು ಕಷ್ಟ ಅಂತ ನಿಮಗೆ ಹೇಗೆ ಹೇಳಲಿ. ಐರ್ಲೆಂಡಿನ ಟೀಚರಿಗೂ ಅದೇ ಅವಸ್ಥೆ. ನಮ್ಮಿಬ್ಬರಿಗೂ ದೋಸ್ತಿ ಆದದ್ದು ಅಲ್ಲಿಂದ.

ಆ ಸಂಜೆ ಟ್ರಿನಿಡಾಡ್‌ನವಳು ಕಥೆಗೆ ಮೊದಲು ಗಟ್ಟಿಯಾಗಿ "ಕ್ರಿಕ್" ಎಂದಳು. ಕೇಳುವವರು "ಕ್ರ್ಯಾಕ್" ಎನ್ನಬೇಕಂತೆ. ಕೆರಿಬಿಯನ್ ದ್ವೀಪಗಳಲ್ಲಿ ಅದು ವಾಡಿಕೆ. ಉತ್ತರ ಬರದಿದ್ದರೆ ಜನ ಎಚ್ಚರವಿಲ್ಲ ಎಂದರ್ಥ, ಕಥೆ ಮುಂದೆ ಹೋಗುವುದಿಲ್ಲ. ನಾನು ನಮ್ಮ ಹೂಂಗುಟ್ಟುವ ಪದ್ಧತಿ ಹೇಳಿದೆ. ನನ್ನ ಅಜ್ಜಿ ಕತ್ತಲಲ್ಲಿ ಮಲಗಿಕೊಂಡು ಕಥೆ ಹೇಳುತ್ತಿದ್ದಳು. ಮೊಮ್ಮಕ್ಕಳಲ್ಲಿ ಒಬ್ಬರಾದರೂ ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು, ರಾಜಕುಮಾರ ಎಲ್ಲಿದ್ದನೋ ಅಲ್ಲೇ. ಮಾರನೇ ದಿನದಿಂದ ಯಾರೇ ಕಥೆ ಹೇಳಲಿ, ಕೀನ್ಯಾದ ಮಾಸ್ತರು ಮೂಲೆಯಿಂದ "ಹೂಂ, ಹೂಂ" ಎನ್ನಲು ಶುರು ಮಾಡಿದರು. ಅಷ್ಟು ಗಂಭೀರ ಮುಖದಲ್ಲಿ ಹೂಂಗುಟ್ಟುವವರನ್ನು ನಾನು ಅಂಕೋಲೆಯಲ್ಲೂ ನೋಡಿಲ್ಲ.

ಈಗ ನಾನು ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ಅಲ್ಲಿ ಕಥೆಯ ಮಾತುಗಳನ್ನು ಬಾಯಿಪಾಠ ಮಾಡಲು ಬಿಡುವುದಿಲ್ಲ. ಕಥೆಯಲ್ಲಿ ಏನೇನು ನಡೆಯುತ್ತದೆ ಎಂಬುದಷ್ಟೇ ನೆನಪಿರಲಿ, ಉಳಿದದ್ದು ಕಣ್ಣಿಗೆ ಕಾಣಲಿ, ಕಂಡದ್ದನ್ನು ಆ ಹೊತ್ತಿಗೆ ಬಂದ ಮಾತಿನಲ್ಲಿ ಹೇಳಿ ಎನ್ನುತ್ತಾರೆ. ಅದಕ್ಕಾಗಿ ಕಥೆ ನಡೆಯುವ ಊರಿನ ನಕ್ಷೆ ಬರೆಸುತ್ತಾರೆ. ಒಂದೇ ಕಥೆಯನ್ನು ಮೂರು ವಾಕ್ಯದಲ್ಲಿ ಹೇಳಿಸುತ್ತಾರೆ, ಆಮೇಲೆ ಅದನ್ನೇ ಅರ್ಧ ಗಂಟೆಗೆ ಎಳೆಸುತ್ತಾರೆ. ರಾಜನ ಕಥೆಯನ್ನು ರಾಜನ ಕುದುರೆಯ ಕಡೆಯಿಂದ ಹೇಳಿಸುತ್ತಾರೆ.

ಒಂದು ಮಧ್ಯಾಹ್ನ ಜೊತೆಗಾರರಿಂದ ಪ್ರಶ್ನೆ ಕೇಳಿಸುವ ಅಭ್ಯಾಸ ಇತ್ತು. ನನಗೆ ಐರ್ಲೆಂಡಿನ ಟೀಚರ್ ಸಿಕ್ಕಿದಳು. ನಾನು ಕಾಗಕ್ಕ ಗುಬ್ಬಕ್ಕನ ಕಥೆ ಶುರು ಮಾಡಿದೆ. ಕಾಗಕ್ಕನ ಮನೆ ಸಗಣಿಯದ್ದು, ಗುಬ್ಬಕ್ಕನ ಮನೆ ಕಲ್ಲಿನದ್ದು, ಒಂದು ದಿನ ಜೋರು ಮಳೆ. "ನಿಲ್ಲು" ಎಂದಳು. "ಗುಬ್ಬಿಯ ಮನೆ ಯಾವ ಕಲ್ಲಿನದ್ದು?" ಚಿರೆಕಲ್ಲು, ಮತ್ತೇನು? ನಮ್ಮ ಕಡೆ ಬೇರೆ ಕಲ್ಲಿನಲ್ಲಿ ಯಾರು ಮನೆ ಕಟ್ಟುತ್ತಾರೆ? ಕೆಂಪು ಕಲ್ಲು, ಮೈಯೆಲ್ಲ ತೂತು, ಗಾರೆ ಹಾಕಿಲ್ಲ, ಮಳೆಗೆ ಒಂದು ಕಡೆ ಪಾಚಿ ಹಿಡಿದಿದೆ ಎಂದೆ. "ಯಾವ ಕಡೆ?" ಪಡುವಣ ಕಡೆ, ಸಮುದ್ರದ ಕಡೆಯಿಂದ ತಾನೇ ಮಳೆ ಹೊಡೆಯುವುದು. "ಹಾಗಾದರೆ ಬಾಗಿಲು?" ಬಾಗಿಲು ಮೂಡಣಕ್ಕೆ. ಹಲಸಿನ ಹಲಗೆ. ಒಳಗಿನಿಂದ ಮರದ ಅಗುಳಿ. "ಕಾಗೆ ಬಂದು ನಿಂತದ್ದು ಎಲ್ಲಿ?" ಅಲ್ಲಿಗೆ ನನಗೇ ಚಿತ್ರ ಪೂರ್ತಿ ಕಂಡಿತು. ಮಳೆಗಾಲಕ್ಕೆ ಜಗಲಿಗೆ ಅಡ್ಡ ಕಟ್ಟಿದ ತೆಂಗಿನ ಮಡಲಿನ ತಟ್ಟಿ ಇದೆಯಲ್ಲ, ಅದರ ಹೊರಗೆ. ಸೂರಿನ ನೀರು ಸರಿಯಾಗಿ ಅದರ ನೆತ್ತಿಯ ಮೇಲೇ ಸುರಿಯುತ್ತಿದೆ. ಕಾಗೆ ಒಂದು ಕಾಲು ಎತ್ತಿಕೊಂಡು ನಿಂತಿದೆ. ಒಳಗೆ ಒಲೆಯ ಮೇಲೆ ಬಿಸಿನೀರು, ಬಾಣಂತಿ ಕೋಣೆಯ ಹೊಗೆ.

ಆ ರಾತ್ರಿ ಅದೇ ಕಥೆಯನ್ನು ಎಲ್ಲರ ಎದುರು ಹೇಳಿದೆ. "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ." "ತಾಳೇ ಕಾಗಕ್ಕ, ಕೂಸಿಗೆ ಎಣ್ಣೆ ಹಚ್ತಿದ್ದೇನೆ." "ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ." "ತಾಳೇ, ಮೀಸ್ತಿದ್ದೇನೆ." ತಾಳೇ, ಅಂಗಿ ತೊಡಿಸ್ತಿದ್ದೇನೆ. ತಾಳೇ, ತೊಟ್ಟಿಲಿಗೆ ಹಾಕ್ತಿದ್ದೇನೆ. ಕಡೆಗೆ ಬಾಗಿಲು ತೆಗೆದಳು. ಕಾಗಕ್ಕ ಒಳಗೆ ಬಂದು ಕಡಲೆ ಮೂಟೆಯ ಹತ್ತಿರ ಮಲಗಿತು. ರಾತ್ರಿ ಕಟುಂ ಕುಟುಂ ಸದ್ದು. "ಏನದು ಕಾಗಕ್ಕ?" "ಮದುವೆ ಮನೇಲಿ ಕೊಟ್ಟ ಅಡಿಕೆ ಜಗೀತಿದ್ದೇನೆ ಗುಬ್ಬಕ್ಕ." ಬೆಳಗ್ಗೆ ನೋಡಿದರೆ ಮೂಟೆ ಖಾಲಿ. ಅಡಿಕೆ ಎಂದರೇನು ಎಂದು ವಿವರಿಸಲು ಹೋಗಿ ಐದು ನಿಮಿಷ ಕಳೆದದ್ದು ಬೇರೆ ಮಾತು.

ಮುಗಿದ ಕೂಡಲೇ ಜಗಳ ಶುರು. ಬ್ರೆಜಿಲ್‌ನ ನರ್ಸ್‌ಗೆ ಸಿಟ್ಟೇ ಬಂದಿತ್ತು. ಅಷ್ಟು ಮಳೆಯಲ್ಲಿ ನೆರೆಯವಳನ್ನು ಹೊರಗೆ ನಿಲ್ಲಿಸಬಹುದಾ? ಕೂಸಿನ ಕೆಲಸ ಬಿಟ್ಟು ಬಾಗಿಲು ತೆಗೆಯಲು ಹೇಗೆ ಸಾಧ್ಯ ಎಂದು ಕೀನ್ಯಾದ ಮಾಸ್ತರು. ಹೊರಗೆ ನಿಲ್ಲಿಸಿದ ಸಿಟ್ಟಿಗೇ ಕಾಗೆ ಕಡಲೆ ತಿಂದಿತು ಎಂದು ಜರ್ಮನಿಯವಳು. ಜಪಾನಿನ ಹುಡುಗ ಸುಮ್ಮನಿದ್ದವನು, ತಮ್ಮಲ್ಲೂ ಒಂದು ಗುಬ್ಬಿ ಇದೆ ಎಂದ. ಗಂಜಿ ತಿಂದಿತು ಎಂದು ಒಬ್ಬ ಮುದುಕಿ ಅದರ ನಾಲಿಗೆ ಕತ್ತರಿಸುತ್ತಾಳೆ. ಮುದುಕ ಅದನ್ನು ಹುಡುಕಿಕೊಂಡು ಹೋಗುತ್ತಾನೆ. ಗುಬ್ಬಿ ಸತ್ಕಾರ ಮಾಡಿ ಒಂದು ಸಣ್ಣ ಪೆಟ್ಟಿಗೆ, ಒಂದು ದೊಡ್ಡ ಪೆಟ್ಟಿಗೆ ತೋರಿಸುತ್ತದೆ. ಅವನು ಸಣ್ಣದು ಸಾಕು ಎನ್ನುತ್ತಾನೆ, ತೆಗೆದರೆ ಚಿನ್ನ ಬೆಳ್ಳಿ. ಮುದುಕಿ ಹೋಗಿ ದೊಡ್ಡದನ್ನು ಹೊತ್ತು ತರುತ್ತಾಳೆ, ತೆಗೆದರೆ ಹಾವು, ದೆವ್ವ. ಇಷ್ಟನ್ನು ಅವನು ಪಾತ್ರೆ ತೊಳೆಯುತ್ತ ಹೇಳಿದ. ಆ ದಿನ ಪಾತ್ರೆ ತೊಳೆಯುವ ಪಾಳಿ ನಮ್ಮಿಬ್ಬರದು. ಜಗಳ ಅಡುಗೆಮನೆಗೂ ಬಂತು, ಯಾರೂ ಮಲಗಲು ಹೋಗಲಿಲ್ಲ.

ನಮ್ಮ ಮಕ್ಕಳೂ ಹೀಗೇ ಜಗಳ ಆಡುವವರೇ. ಎರಡನೇ ಕ್ಲಾಸಿನ ಒಬ್ಬ ಹುಡುಗ ಇದೇ ಕಥೆಗೆ ನನ್ನನ್ನು ಕೇಳಿದ್ದ: "ಅಕ್ಕೋರೇ, ಕಾಗಕ್ಕನ ಮಕ್ಕಳು ಆವಾಗ ಎಲ್ಲಿದ್ವು?" ಎಂಥ ಪ್ರಶ್ನೆ ನೋಡಿ. ಮನೆ ಕೊಚ್ಚಿಕೊಂಡು ಹೋದಾಗ ಮರಿಗಳ ಗತಿ ಏನಾಯಿತು ಅಂತ ಅವನಿಗೆ ಚಿಂತೆ. ಇಡೀ ಪೀರಿಯಡ್ ಅದೇ ಚರ್ಚೆ ಆಯಿತು. ತಾಳ್ಮೆ ಇಲ್ಲ ಎನ್ನುವವರು ಆ ದಿನ ನಮ್ಮ ಕ್ಲಾಸಿಗೆ ಬರಬೇಕಿತ್ತು.

ಈಗ ಸ್ಪರ್ಧೆಯ ಕಡೆ ಬನ್ನಿ. ನಾನು ತೀರ್ಪುಗಾರಳಾಗಿ ಕುಳಿತ ಒಂದು ಸ್ಪರ್ಧೆಯಲ್ಲಿ ಇದೇ ಕಾಗೆ ಗುಬ್ಬಿಯ ಕಥೆಗೆ ಒಬ್ಬ ಹುಡುಗಿ ಬಂದಳು. ಮೂರನೇ ಕ್ಲಾಸು ಇರಬೇಕು. ಕರಿ ಕಾಗದದ ಕಾಗೆಯ ಮುಖವಾಡ, ಇಲಾಸ್ಟಿಕ್ ಬಿಗಿಯಾಗಿ ಕಿವಿ ಕೆಂಪಾಗಿತ್ತು. 'ಜೋರು ಮಳೆ' ಎಂದಾಗ ಎರಡೂ ಕೈ ಮೇಲಿಂದ ಕೆಳಗೆ, 'ಗಾಳಿ' ಎಂದಾಗ ಎಡದಿಂದ ಬಲಕ್ಕೆ. ಎಲ್ಲ ಕಲಿಸಿಕೊಟ್ಟದ್ದು. ಹಿಂದಿನ ಬೆಂಚಿನಲ್ಲಿ ಅವಳ ತಾಯಿಯ ತುಟಿ ಕೂಡ ಜೊತೆಜೊತೆಗೆ ಆಡುತ್ತಿತ್ತು. ನಡುವೆ ಒಂದು ಸಾಲು ಮರೆತುಹೋಯಿತು. ಹುಡುಗಿ ನಿಂತುಬಿಟ್ಟಳು. ಮತ್ತೆ ಮೊದಲಿನಿಂದ ಶುರು ಮಾಡಿದಳು, ಅದೇ ಜಾಗಕ್ಕೆ ಬಂದು ಮತ್ತೆ ನಿಂತಳು. ಗಂಟೆ ಬಾರಿಸಿತು. ಅಳುತ್ತ ಕೆಳಗಿಳಿದಳು. ಊಟದ ಹೊತ್ತಿಗೆ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಆಮೇಲೆ ಕಾಗೆಗೆ ಏನಾಯಿತೇ ಎಂದು ಕೇಳಿದೆ. ಅನ್ನ ಕಲಸುತ್ತ ಪೂರ್ತಿ ಕಥೆ ಹೇಳಿದಳು, ಅವಳ ಮನೆಮಾತು ಕೊಂಕಣಿ ಬೆರೆಸಿ, ನಡುವೆ ನಕ್ಕು. ಕಥೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದ್ದು ಯಾರೋ ಬರೆದುಕೊಟ್ಟ ಹಾಳೆಯ ಸಾಲು.

ಅಲ್ಲಿ ನಮ್ಮ ಕೈಯಲ್ಲಿದ್ದ ಅಂಕಪಟ್ಟಿಯಲ್ಲಿ ಸ್ಪಷ್ಟತೆಗೆ ಇಷ್ಟು, ಹಾವಭಾವಕ್ಕೆ ಇಷ್ಟು, ವೇಷಕ್ಕೆ ಇಷ್ಟು ಎಂದು ಇತ್ತು. ಕೇಳುವವರಿಗೆ ಏನನಿಸಿತು ಎಂಬುದಕ್ಕೆ ಒಂದು ಅಂಕವೂ ಇಲ್ಲ. ಹೂಂಗುಟ್ಟುವವರಂತೂ ಇಲ್ಲವೇ ಇಲ್ಲ. ಉಳಿದ ಮಕ್ಕಳು ತಮ್ಮ ಪಾಳಿಗೆ ಕಾಯುತ್ತ ತಮ್ಮ ಸಾಲು ಗುಣುಗುಣಿಸುತ್ತಿರುತ್ತಾರೆ. ಹೀಗೆ ಕಲಿತ ಮಗುವಿಗೆ ಕಥೆ ಎಂದರೆ ಮಗ್ಗಿ ಇದ್ದಹಾಗೆ, ತಪ್ಪಿದರೆ ಬೈಗುಳ. ಅದು ಮೊಬೈಲ್ ಹಿಡಿಯದೆ ಇನ್ನೇನು ಮಾಡೀತು?

ಸಿಟ್ಟು ಬರುವುದು ಯಾಕೆಂದರೆ, ಬಾಯಿಪಾಠ ಇಲ್ಲದೆ ಕಥೆ ಕಟ್ಟುವ ವಿದ್ಯೆಯನ್ನು ಈ ಜಿಲ್ಲೆಗೆ ಸಸೆಕ್ಸಿನಿಂದ ತರಿಸಬೇಕಾಗಿಲ್ಲ. ಯಕ್ಷಗಾನದ ಪದ್ಯಕ್ಕೆ ಕುಳಿತಲ್ಲೇ ಅರ್ಥ ಹೇಳುವ ನಮ್ಮ ತಾಳಮದ್ದಳೆ ಇನ್ನೇನು? ಪದ್ಯ ಪ್ರಸಂಗದ್ದು, ಮಾತು ಆ ರಾತ್ರಿಯದ್ದು. ವೇಷ ಇಲ್ಲ, ಕುಣಿತ ಇಲ್ಲ, ಕುಳಿತಲ್ಲೇ ಕರ್ಣ ಆಗಬೇಕು. ಎದುರಿಗೆ ಕುಳಿತ ಕೃಷ್ಣ ಏನು ಕೇಳುತ್ತಾನೋ ಗೊತ್ತಿಲ್ಲ, ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆಯವರ ಯಕ್ಷಗಾನ ಮೇಳ 1934ರಲ್ಲಿ ಶುರುವಾದದ್ದು. ಯಕ್ಷಗಾನದ ಚಿಟ್ಟಾಣಿಯವರ ಕುಣಿತ ನೋಡಲು ನಮ್ಮ ತಂದೆ ನಡೆದುಕೊಂಡು ಹೋಗುತ್ತಿದ್ದರು. ಇಂಥ ಊರಿನ ಮಕ್ಕಳಿಗೆ ಹಾಳೆ ಕೊಟ್ಟು ಉರುಹೊಡೆಸುತ್ತೇವೆ.

ಜಪಾನಿನ ಹುಡುಗ ತಮ್ಮ ರಾಕುಗೊ ತೋರಿಸಿದ. ಒಂದು ದಿಂಬಿನ ಮೇಲೆ ಮಂಡಿಯೂರಿ ಕುಳಿತು, ಒಂದು ಬೀಸಣಿಗೆ, ಒಂದು ಕೈವಸ್ತ್ರ ಅಷ್ಟೇ ಇಟ್ಟುಕೊಂಡು ಒಬ್ಬನೇ ನಾಲ್ಕು ಜನ ಆಗುತ್ತಾನೆ. ಮುಖ ಎಡಕ್ಕೆ ತಿರುಗಿಸಿದರೆ ಯಜಮಾನ, ಬಲಕ್ಕೆ ತಿರುಗಿಸಿದರೆ ಆಳು. ಬೀಸಣಿಗೆ ಮಡಿಸಿದರೆ ಊಟದ ಕಡ್ಡಿ. ನಾನು ತಾಳಮದ್ದಳೆಯ ವಿಷಯ ಹೇಳಿದಾಗ ಅವನ ಕಣ್ಣು ಅರಳಿತು. ಇರಾನಿನವಳು ಒಂದು ಕೋಲು ಹಿಡಿದು, ಗುರುತು ಸಿಗದೆ ಸ್ವಂತ ಮಗನನ್ನೇ ಯುದ್ಧದಲ್ಲಿ ಕೊಂದ ವೀರನ ಕಥೆ ಹೇಳಿದಳು. ಅವರ ಕಡೆ ಅದಕ್ಕೆ ನಕ್ಕಾಲಿ ಎನ್ನುತ್ತಾರೆ. 2011ರಲ್ಲಿ ಯುನೆಸ್ಕೊ ಅದನ್ನು ತುರ್ತಾಗಿ ಉಳಿಸಬೇಕಾದ ಕಲೆಗಳ ಪಟ್ಟಿಗೆ ಸೇರಿಸಿದೆ. ನನಗೆ ನಮ್ಮ ಬಭ್ರುವಾಹನ ನೆನಪಾದ. ನಮ್ಮಲ್ಲಿ ಮಗ ತಂದೆಯನ್ನು ಕೊಲ್ಲುತ್ತಾನೆ, ಆದರೆ ಅರ್ಜುನ ಎದ್ದು ಬರುತ್ತಾನೆ. ಅವಳ ಕಥೆಯಲ್ಲಿ ಯಾರೂ ಎದ್ದು ಬರಲಿಲ್ಲ. ಅವಳು ಕೋಲು ಕೆಳಗಿಟ್ಟ ಮೇಲೂ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಕೋರ್ಸಿನಲ್ಲಿ ಎಲ್ಲವೂ ನನಗೆ ಹಿಡಿಸಿತು ಅಂತಲ್ಲ. ದಿನಕ್ಕೆ ಹತ್ತು ಸಲ ವೃತ್ತದಲ್ಲಿ ಕುಳಿತು 'ನಿಮಗೆ ಏನನಿಸಿತು' ಎಂದು ಹೇಳಿಸುವುದು ನಮ್ಮಂಥವರಿಗೆ ಸ್ವಲ್ಪ ಜಾಸ್ತಿಯೇ. ಗದ್ದೆಯಲ್ಲಿ ನೆಟ್ಟಿ ಮಾಡುತ್ತ ಹಾಡಿನಲ್ಲೇ ಕಥೆ ಹೇಳುವ, ನಮ್ಮ ಕರಾವಳಿಯ ಹಾಲಕ್ಕಿ ಒಕ್ಕಲು ಸಮುದಾಯದ ಹೆಂಗಸರನ್ನು ನೋಡಿ ಬೆಳೆದವಳು ನಾನು. ಅವರು ಯಾರನ್ನೂ ಏನನಿಸಿತು ಎಂದು ಕೇಳುತ್ತಿರಲಿಲ್ಲ.

ಬೇರೆ ಎಲ್ಲಕ್ಕಿಂತ ದೊಡ್ಡ ಲಾಭ ಐರ್ಲೆಂಡಿನ ಟೀಚರ್ ಹೇಳಿದ ಒಂದು ಸಂಗತಿ. ಸರಕಾರದವರು, ಶಿಕ್ಷಣ ಇಲಾಖೆಯವರು ಈ ಪತ್ರ ಓದಿದರೆ ಇದೊಂದನ್ನಾದರೂ ಓದಲಿ. ಅವರ ದೇಶದಲ್ಲಿ 1937ರಿಂದ 1939ರವರೆಗೆ ಪ್ರಾಥಮಿಕ ಶಾಲೆಯ ದೊಡ್ಡ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಪ್ರಬಂಧ ಬರೆಯುವ ಬದಲು ಮನೆಯ ಹಿರಿಯರಿಂದ, ನೆರೆಹೊರೆಯವರಿಂದ ಕಥೆ, ಗಾದೆ, ಔಷಧಿ, ಆಟ, ಹಳೆಯ ಸುದ್ದಿ ಕೇಳಿ ಬರೆದು ತರಬೇಕು. ಯಾವ ವಿಷಯ ಕೇಳಬೇಕು ಎಂದು ಟೀಚರುಗಳಿಗೆ ಒಂದು ಸಣ್ಣ ಪುಸ್ತಕ ಕೊಟ್ಟಿದ್ದರು. ಸುಮಾರು 5,000 ಶಾಲೆಗಳ ಮಕ್ಕಳು ಸೇರಿ ಬರೆದದ್ದು ಸುಮಾರು 7,40,000 ಪುಟ. ಬಡ ದೇಶ ಆಗ ಅದು. ಖರ್ಚು ಎಂದರೆ ನೋಟುಬುಕ್ಕು, ಶಾಯಿ. ಈಗ ಅವುಗಳಲ್ಲಿ ಹೆಚ್ಚಿನದನ್ನು ಅಂತರ್ಜಾಲದಲ್ಲಿ ಹಾಕಿದ್ದಾರೆ. ಆಕೆ ತನ್ನ ಫೋನಿನಲ್ಲಿ ತನ್ನ ತಾಯಿ ಹುಡುಗಿಯಾಗಿದ್ದಾಗ ಬರೆದ ಒಂದು ಪುಟ ತೆಗೆದು ತೋರಿಸಿದಳು. ದುಂಡನೆಯ ಅಕ್ಷರ. ಕೊನೆಯಲ್ಲಿ ಕಥೆ ಹೇಳಿದವರ ಹೆಸರು, ಊರು.

ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಯಾರೂ ಮಾಡಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಕುಮಟೆಯ ಎಲ್. ಆರ್. ಹೆಗಡೆಯವರು, ಹೊನ್ನಾವರದ ಎನ್. ಆರ್. ನಾಯಕರು, ಶಾಂತಿ ನಾಯಕರು ಊರೂರು ತಿರುಗಿ ಹಾಡು, ಕಥೆ ಬರೆದುಕೊಂಡು ಪುಸ್ತಕ ಮಾಡಿದರು. ಕೈಬೆರಳಲ್ಲಿ ಎಣಿಸುವಷ್ಟು ಜನ ಎಷ್ಟು ತಿರುಗಬಹುದು? ನಮ್ಮ ತಾಲೂಕಿನ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಆಗ ಫೋಟೋ ತೆಗೆಸಿಕೊಳ್ಳಲು ಅವರ ಊರು ಬಡಿಗೇರಿಗೆ ಹೋದವರು ಎಷ್ಟೋ ಜನ. 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿ ಹೋದರು. ಪಕ್ಕದ ಕೇರಿಯ ಶಾಲೆಯ ಪ್ರತಿ ಮಗುವೂ ಅವರಿಂದ ಒಂದೊಂದು ಹಾಡು ಬರೆದುಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡಿ.

ಆದ್ದರಿಂದ ಕಾರವಾರ, ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇದು. ಕಥೆ ಹೇಳುವ ಸ್ಪರ್ಧೆಗೆ ಹಾಳೆ, ವೇಷ, ಗಂಟೆ ಬಿಡಿ. ಮಗು ತನ್ನ ಮನೆಯ ಅಥವಾ ಕೇರಿಯ ಒಬ್ಬ ಹಿರಿಯರಿಂದ ಕೇಳಿದ ಕಥೆಯನ್ನು ಹೇಳಲಿ. ಮನೆಮಾತಿನಲ್ಲೇ ಹೇಳಲಿ: ಕೊಂಕಣಿಯೋ, ಹಾಲಕ್ಕಿ ಕನ್ನಡವೋ, ಹವ್ಯಕವೋ, ಭಟ್ಕಳದ ಮುಸ್ಲಿಮರ ನವಾಯತಿಯೋ. ತೀರ್ಪುಗಾರರಿಗೆ ಅರ್ಥವಾಗದಿದ್ದರೆ ಪಕ್ಕದ ಮಗು ಅರ್ಥ ಹೇಳುತ್ತದೆ. ಆಮೇಲೆ ಅದನ್ನು ನೋಟುಬುಕ್ಕಿನಲ್ಲಿ ಬರೆದಿಡಲಿ. ಹೇಳಿದವರು ಯಾರು, ವಯಸ್ಸೆಷ್ಟು, ಊರು ಯಾವುದು ಎಂಬುದು ಕಡ್ಡಾಯ. ಆ ಬಡ ಮೊಬೈಲಿಗೂ ಒಂದು ಕೆಲಸ ಸಿಗುತ್ತದೆ, ಅಜ್ಜಿಯ ದನಿ ಅದರಲ್ಲಿ ರೆಕಾರ್ಡ್ ಆಗಲಿ. ಬಹುಮಾನ ಕೊಡಲೇಬೇಕು ಎಂದಿದ್ದರೆ ಕಥೆ ಹೇಳಿದ ಅಜ್ಜಿಗೆ ಒಂದು ಕಂಬಳಿ ಕೊಡಿ.

ಮಾರ್ಚ್ 20ನ್ನು ಜಗತ್ತಿನ ಬೇರೆ ಬೇರೆ ಕಡೆ ಕಥೆ ಹೇಳುವ ದಿನ ಎಂದು ಆಚರಿಸುತ್ತಾರೆ. ಸ್ವೀಡನ್‌ನಲ್ಲಿ 1991ರಲ್ಲಿ ಶುರುವಾದದ್ದು. ನಮಗೆ ಆ ದಿನ ಹೊಂದುವುದಿಲ್ಲ. ಮಾರ್ಚ್‌ನಲ್ಲಿ ಮಕ್ಕಳಿಗೆ ಪರೀಕ್ಷೆ, ಹಾಲಕ್ಕಿ ಕೇರಿಗಳಲ್ಲಿ ಸುಗ್ಗಿ ಕುಣಿತ. ನಮ್ಮಲ್ಲಿ ಕಥೆಗೆ ಮಳೆಗಾಲವೇ ಸರಿ. ಪುನರ್ವಸು ಮಳೆ ಹಿಡಿದು ಹೊರಗೆ ಕಾಲಿಡಲಾಗದ ದಿನಗಳಲ್ಲಿ ಹೇಗೂ ಶಾಲೆಗೆ ರಜೆ ಕೊಡುತ್ತೀರಿ. ಆ ರಜೆಯ ಮನೆಕೆಲಸ ಒಂದು ಕಥೆ ಆಗಲಿ.

ಇನ್ನೊಂದು. ಶಿಕ್ಷಕರಿಗೂ ಇದರ ತರಬೇತಿ ಬೇಕು, ಮತ್ತು ಅದು ವಸತಿ ಸಹಿತ ಆಗಬೇಕು. ಈ ಮಾತಿಗೆ ಶಿಕ್ಷಕರು ನನಗೆ ಶಾಪ ಹಾಕುತ್ತಾರೆ, ಗೊತ್ತು. ಹತ್ತೂವರೆಗೆ ಉಪ್ಪಿಟ್ಟು, ಹನ್ನೊಂದಕ್ಕೆ ಉದ್ಘಾಟನೆ, ಊಟ ಆದ ಮೇಲೆ ತೂಕಡಿಕೆ, ನಾಲ್ಕಕ್ಕೆ ಹಾಜರಿ ಸಹಿ, ಐದರ ಬಸ್ಸು. ಇಂಥ ತರಬೇತಿಗಳಲ್ಲಿ ನನ್ನ ಸರ್ವಿಸು ಪೂರ್ತಿ ಕುಳಿತಿದ್ದೇನೆ. ಅದರಲ್ಲಿ ಕಥೆ ಹುಟ್ಟುವುದಿಲ್ಲ. ಆ ಕೋರ್ಸಿನಲ್ಲಿ ನನಗೆ ಸಿಕ್ಕ ಒಳ್ಳೆಯ ಕಥೆಗಳಲ್ಲಿ ಹೆಚ್ಚಿನವು ತರಗತಿಯಲ್ಲಿ ಸಿಕ್ಕಿದ್ದಲ್ಲ. ಪಾತ್ರೆ ತೊಳೆಯುವಾಗ, ತರಕಾರಿ ಹೆಚ್ಚುವಾಗ, ನಿದ್ದೆ ಬಾರದೆ ಅಡುಗೆಮನೆಗೆ ಚಹಾ ಮಾಡಲು ಹೋದಾಗ ಸಿಕ್ಕಿದವು. ಕೀನ್ಯಾದ ಮಾಸ್ತರು ತಮ್ಮ ತಾಯಿ ಹೇಳುತ್ತಿದ್ದ ಮೊಲದ ಕಥೆ ಹೇಳಿದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ, ಅದೂ ಬೇರೆ ಯಾರೋ ತಮ್ಮ ತಾಯಿ ತೀರಿಕೊಂಡದ್ದನ್ನು ಹೇಳಿ ಸುಮ್ಮನಾದಾಗ. ಹಗಲು ಅವರನ್ನು ಎಬ್ಬಿಸಿ ನಿಲ್ಲಿಸಿದ್ದರೆ ಆ ಕಥೆ ಬರುತ್ತಿತ್ತಾ?

ನಾಲ್ಕು ದೇಶದವರನ್ನು ಸೇರಿಸಲು ನಾವು ವಿಮಾನದ ಟಿಕೆಟ್ ತೆಗೆಯಬೇಕಾಗಿಲ್ಲ. ಈ ಒಂದೇ ಜಿಲ್ಲೆಯಲ್ಲಿ ಆಫ್ರಿಕಾ ಮೂಲದ ಸಿದ್ದಿಯರು ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿದ್ದಾರೆ. ಮುಂಡಗೋಡಿನಲ್ಲಿ 1966ರಿಂದ ಟಿಬೆಟಿನವರಿದ್ದಾರೆ. ಭಟ್ಕಳದಲ್ಲಿ ನವಾಯತರು, ಕಾರವಾರದಲ್ಲಿ ಕೊಂಕಣಿಯ ಖಾರ್ವಿ ಮೀನುಗಾರರು, ಗೋಕರ್ಣ, ಅಂಕೋಲೆಯಲ್ಲಿ ಹಾಲಕ್ಕಿಗಳು, ಘಟ್ಟದ ಮೇಲೆ ಅಡಿಕೆ ತೋಟದ ಅಮ್ಮಂದಿರು. ಎಲ್ಲ ಕಡೆಯಿಂದ ಒಬ್ಬೊಬ್ಬ ಹಿರಿಯರನ್ನು ಕರೆದು, ದಸರಾ ರಜೆಯಲ್ಲಿ ಖಾಲಿ ಬಿದ್ದಿರುವ ಯಾವುದಾದರೂ ಹಾಸ್ಟೆಲಿನಲ್ಲಿ ಮೂರು ರಾತ್ರಿ ಶಿಕ್ಷಕರ ಜೊತೆ ಇರಿಸಿ. ಅವರನ್ನು ವೇದಿಕೆಗೆ ಹತ್ತಿಸಿ ಶಾಲು ಹೊದೆಸಿ ಕಳಿಸಬೇಡಿ. ಅವರೇ ಸಂಪನ್ಮೂಲ ವ್ಯಕ್ತಿಗಳು. ಪಿಎಚ್‌ಡಿ ಮಾಡಿ ಬಂದು ಮೈಕು ಹಿಡಿಯುವವರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಿ, ಒಂದು ರೂಪಾಯಿ ಕಡಿಮೆ ಬೇಡ. ಅಡುಗೆಗೆ ಬೇರೆ ಜನ ಇಡಬೇಡಿ, ಎಲ್ಲರೂ ಸೇರಿ ಮಾಡಲಿ. ಸಿದ್ದಿ ಅಜ್ಜಿ ಮೀನು ಹೆಚ್ಚುವಾಗ ಪಕ್ಕದಲ್ಲಿ ಕುಳಿತ ಟೀಚರಿಗೆ ಏನು ಹೇಳುತ್ತಾಳೋ, ಅದು ಯಾವ ಕೈಪಿಡಿಯಲ್ಲೂ ಇಲ್ಲ.

ನನ್ನ ಕಡೆಯಿಂದಲೂ ಒಂದು ಮಾತು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿ ಶಿರಸಿಯವರೆಗೆ ಯಾವ ಸರಕಾರಿ ಶಾಲೆ ಕರೆದರೂ ಬರಲು ತಯಾರಿದ್ದೇನೆ. ಕಥೆ ಕೇಳುವುದು, ಪ್ರಶ್ನೆ ಕೇಳುವುದು, ಬಾಯಿಪಾಠ ಇಲ್ಲದೆ ಹೇಳುವುದು, ಕಲಿತಷ್ಟನ್ನು ಹೇಳಿಕೊಡುತ್ತೇನೆ. ಗೌರವಧನ ಬೇಡ, ಪೆನ್ಷನ್ ಬರುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜೂ ಇಲ್ಲ. ಐದರ ಬಸ್ಸಿಗೆ ಹೊರಡಿಸುವ ಕಾರ್ಯಕ್ರಮಕ್ಕೆ ಮಾತ್ರ ಕರೆಯಬೇಡಿ, ರಾತ್ರಿ ಉಳಿಯಲು ಒಂದು ಚಾಪೆ ಇರಲಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಅಂಕೋಲಾ, ಉತ್ತರ ಕನ್ನಡ